ಪರೀಕ್ಷೆ ಮುಗಿಯಿತು, ಬಾಗಿಲು ತೆರೆಯಿರಿ

ನನ್ನ ಸೋದರಳಿಯ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಸಂಬಳವೂ ಒಳ್ಳೆಯದು, ಮನಸ್ಸೂ ಒಳ್ಳೆಯದು. ಹೋದ ಭಾನುವಾರ ಬೆಳಿಗ್ಗೆ ಮುಖ ಸಿಂಡರಿಸಿಕೊಂಡು ನಮ್ಮ ಮನೆಗೆ ಬಂದ. ಕಾಫಿಯ ಲೋಟ ಕೆಳಗಿಡುವ ಮೊದಲೇ ದೂರು ಹೊರಬಿದ್ದಿತು. ಅವನ ಮಗಳು ಎರಡನೆಯ ವರ್ಷದ ಪಿ.ಯು.ಸಿ. ಮುಗಿಸಿದ್ದಾಳೆ. ಬರೆಯಬೇಕಾದ ಪ್ರವೇಶ ಪರೀಕ್ಷೆಗಳನ್ನೆಲ್ಲ ಬರೆದಾಗಿದೆ. ಕಾಲೇಜು ಸೇರುವುದಕ್ಕೆ ಇನ್ನೂ ಕೆಲವು ವಾರಗಳ ಬಿಡುವಿದೆ. ಆ ಬಿಡುವಿನಲ್ಲಿ ಹನ್ನೆರಡು ದಿವಸ ತಾನೂ ತನ್ನ ಗೆಳತಿಯೂ ಕೆಂಪು ಬಸ್ಸಿನಲ್ಲಿ ಲಕ್ಕುಂಡಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಹಂಪೆಗಳನ್ನು ನೋಡಿಕೊಂಡು ಬರುತ್ತೇವೆ ಎಂದು ಅವಳು ಹಟ ಹಿಡಿದಿದ್ದಾಳಂತೆ. ಕೈಯಲ್ಲಿ ಆರು ಸಾವಿರ ರೂಪಾಯಿ; ಹೆಗಲಿಗೆ, ಅಪ್ಪನ ಬೀರುವಿನಲ್ಲಿ ಹತ್ತು ವರ್ಷದಿಂದ ನಿದ್ರೆ ಮಾಡುತ್ತಿದ್ದ ಹಳೆಯ ಕ್ಯಾಮೆರಾ.

"ನೀವು ಸ್ವಲ್ಪ ಬುದ್ಧಿ ಹೇಳಿ, ಮಾವ. ನಿಮ್ಮ ಮಾತಾದರೆ ಕೇಳುತ್ತಾಳೆ" ಎಂದ.

ಬುದ್ಧಿ ಹೇಳಿದೆ. ಆದರೆ ಅವಳಿಗಲ್ಲ, ಅವನಿಗೆ. ಅವನು ಒಪ್ಪಲಿಲ್ಲ. ಅವನೊಬ್ಬನೇ ಹೀಗಿದ್ದರೆ ಜಗಳವನ್ನು ಮನೆಯೊಳಗೇ ಆಡಿ ಮುಗಿಸುತ್ತಿದ್ದೆ. ಅಂಥವರು ನಮ್ಮ ಬೀದಿಯಲ್ಲಿಯೇ ಹತ್ತು ಜನ ಇದ್ದಾರೆ. ನಿಮ್ಮ ಬೀದಿಯಲ್ಲಿಯೂ ಇರಬೇಕು. ಆದುದರಿಂದ ಪತ್ರಿಕೆಯವರೆಗೆ ಬಂದಿದ್ದೇನೆ.

ನನ್ನ ವಾದ ಇಷ್ಟೆ. ಶಾಲೆಯ ಓದು ಮುಗಿಸಿದ ಪ್ರತಿಯೊಂದು ಮಗುವನ್ನೂ, ಗಂಡಾಗಲಿ ಹೆಣ್ಣಾಗಲಿ, ಹತ್ತು ಹನ್ನೆರಡು ದಿವಸ ದೊಡ್ಡವರ ಕಾವಲಿಲ್ಲದೆ ಊರು ನೋಡಲು ಕಳಿಸಬೇಕು. ಕೈಯಲ್ಲಿ ಒಂದು ಕ್ಯಾಮೆರಾ ಕೊಡಬೇಕು. ಹಣ ಮಾತ್ರ ಕಡಮೆ ಕೊಡಬೇಕು. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಹಣವಿಲ್ಲವೆಂದು ಕಡಮೆ ಕೊಡುವುದಲ್ಲ. ಇದ್ದರೂ ಕಡಮೆ ಕೊಡಬೇಕು.

ಈ ಮಾತನ್ನು ಆಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. 1971ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದೆ. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂದೇ ಹೆಸರು; ಕರ್ನಾಟಕವಾದದ್ದು 1973ರ ನವೆಂಬರಿನಲ್ಲಿ. ನಮ್ಮ ತಂದೆ ಅರಸೀಕೆರೆಯಲ್ಲಿ ಮೇಷ್ಟರಾಗಿದ್ದರು. ಪರೀಕ್ಷೆ ಮುಗಿದ ಮಾರನೆಯ ದಿನ ನನ್ನನ್ನು ಕರೆದು, "ಇಷ್ಟು ವರ್ಷ ಪುಸ್ತಕದಲ್ಲಿ ಓದಿದೆಯಲ್ಲ, ಅದೆಲ್ಲ ನಿಜವೋ ಸುಳ್ಳೋ ನೋಡಿಕೊಂಡು ಬಾ" ಎಂದು ಎಪ್ಪತ್ತು ರೂಪಾಯಿ ಕೊಟ್ಟರು. ಜೊತೆಗೆ ಲೆಕ್ಕ ಬರೆಯಲು ನಾಲ್ಕಾಣೆಯ ಒಂದು ಪುಸ್ತಕ. ನನ್ನ ಸೋದರಮಾವ ತಮ್ಮ ಕ್ಯಾಮೆರಾವನ್ನು ಎರವಲು ಕೊಟ್ಟರು. ಅದು ಬರೋಡದಲ್ಲಿ ತಯಾರಾಗುತ್ತಿದ್ದ ಆಗ್‌ಫಾ ಕ್ಲಿಕ್ 3. ಅದಕ್ಕೆ ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಉಳಿದುದೆಲ್ಲ ದೇವರ ಇಚ್ಛೆ. ಒಂದು ಸುರುಳಿ ಫಿಲಮ್ಮಿನಲ್ಲಿ ಹನ್ನೆರಡು ಚಿತ್ರ. ಎರಡು ಸುರುಳಿಗೆ ಇಪ್ಪತ್ತನಾಲ್ಕು. ಹದಿನಾಲ್ಕು ದಿವಸದ ಪ್ರಯಾಣ.

ನನ್ನ ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಅವಳು ನನಗಿಂತ ಹೆಚ್ಚು ಅಂಕ ಪಡೆದು ಎರಡು ವರ್ಷ ಮೊದಲೇ ಅದೇ ಪರೀಕ್ಷೆ ಪಾಸು ಮಾಡಿದ್ದಳು. ಚರಿತ್ರೆಯಂತೂ ಅವಳಿಗೆ ಬಾಯಿಪಾಠ. ತಾನೂ ಬರುತ್ತೇನೆ ಎಂದಳು. ತಂದೆ ಕೋಪಿಸಿಕೊಳ್ಳಲಿಲ್ಲ. "ನೀನೆಲ್ಲಿಗಮ್ಮಾ?" ಎಂದು ನಕ್ಕುಬಿಟ್ಟರು. ಅವರು ಕೋಪಿಸಿಕೊಂಡಿದ್ದರೆ ಅವಳು ವಾದಿಸುತ್ತಿದ್ದಳೋ ಏನೋ, ನಗುವಿಗೆ ಉತ್ತರವಿಲ್ಲ. ಒಳಗೆ ಹೋಗಿ ನನಗಾಗಿ ಕೋಡುಬಳೆ ಕರಿದಳು, ಚಟ್ನಿಪುಡಿ ಕುಟ್ಟಿದಳು. ಹೊರಡುವಾಗ ಒಂದೇ ಒಂದು ಮಾತು ಹೇಳಿದಳು: "ಬಾದಾಮಿಯ ಮೂರನೆಯ ಗುಹೆಯಲ್ಲಿ ವಿಷ್ಣು ಹಾವಿನ ಸುರುಳಿಯ ಮೇಲೆ ಕೂತಿದ್ದಾನಲ್ಲ, ನಮ್ಮ ಪುಸ್ತಕದಲ್ಲಿ ಅಂಚೆ ಚೀಟಿಯಷ್ಟು ಚಿತ್ರವಿದೆ. ಅದನ್ನು ದೊಡ್ಡದಾಗಿ ತೆಗೆದುಕೊಂಡು ಬಾ." ತರುತ್ತೇನೆ ಎಂದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಗ ಆ ಕಡೆಯ ರೈಲುದಾರಿಯೆಲ್ಲ ಮೀಟರ್ ಗೇಜು. ಹುಬ್ಬಳ್ಳಿಗೊಂದು ರೈಲು, ಅಲ್ಲಿಂದ ಗದಗಿಗೊಂದು, ಗದಗಿನಿಂದ ಬಾದಾಮಿಗೊಂದು. ಬಾದಾಮಿಯ ನಿಲ್ದಾಣದಿಂದ ಊರು ಸುಮಾರು 5 ಕಿಲೋಮೀಟರು. ಟಾಂಗಾದವನು ಕೇಳಿದ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಬರೆದರೆ ತಂದೆ ಏನೆನ್ನುವರೋ ಎಂದು ಹೆದರಿ ನಡೆದೆ. ನಡೆದದ್ದರಿಂದ ಆ ಕೆಂಪು ಬಂಡೆಗಳು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಬಿಸಿಲು ಏರಿದಂತೆ ಬಣ್ಣ ಬದಲಾಯಿಸುವುದನ್ನು ಕಂಡೆ. ಟಾಂಗಾದಲ್ಲಿ ಕೂತಿದ್ದರೆ ಕುದುರೆಯ ಬಾಲವನ್ನು ಕಾಣುತ್ತಿದ್ದೆ. ಕಡಮೆ ಹಣದ ಮೊದಲನೆಯ ಲಾಭ ಇದು.

ಎರಡನೆಯದು ಊಟದ್ದು. ಹಣವಿದ್ದವನು ಹೋಟೆಲಿಗೆ ಹೋಗುತ್ತಾನೆ. ಅಲ್ಲಿ ತನ್ನ ಊರಿನ ತಿಂಡಿಯನ್ನೇ ಕೇಳುತ್ತಾನೆ. ನಾನು ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರಿಂದ ಜೋಳದ ರೊಟ್ಟಿ, ಚಟ್ನಿ, ಕುಡಿಕೆಯ ಮೊಸರು ಕೊಂಡು ತಿಂದೆ. "ಎಲ್ಲಿಂದ ಬಂದೀಯೋ ತಮ್ಮಾ?" ಎಂದು ಒಬ್ಬಾಕೆ ಕೇಳಿದಳು. ಹೇಳಿದೆ. ನನ್ನ ಕನ್ನಡ ಕೇಳಿ ಅವಳಿಗೆ ನಗು, ಅವಳದು ಕೇಳಿ ನನಗೆ ನಗು. ಇನ್ನೊಂದು ರೊಟ್ಟಿಯನ್ನು ಹಣವಿಲ್ಲದೆಯೇ ತಟ್ಟೆಗೆ ಹಾಕಿದಳು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅದು ಹೌದೆಂದು ತಿಳಿದದ್ದು ಆ ರೊಟ್ಟಿಯಿಂದ.

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ, ಕ್ರಿ.ಶ. 634ರದು. ಎರಡನೆಯ ಪುಲಕೇಶಿಯ ಪ್ರತಾಪವನ್ನು ಹೊಗಳಿ, ಕೊನೆಗೆ ಕವಿ ತನ್ನನ್ನು ಕಾಳಿದಾಸ ಭಾರವಿಗಳ ಸಮಕ್ಕೆ ನಿಲ್ಲಿಸಿಕೊಳ್ಳುತ್ತಾನೆ. ಇದೂ ನನಗೆ ಪರೀಕ್ಷೆಗೆ ಬಂದಿತ್ತು. ಆದರೆ ಗುಡ್ಡ ಹತ್ತಿ, ಬೆವರು ಒರೆಸಿಕೊಂಡು, ಆ ಸಾಲುಗಳ ಮುಂದೆ ನಿಂತಾಗ, ಒಬ್ಬ ಮನುಷ್ಯ ಇಲ್ಲಿ ನಿಂತು ಉಳಿಯಿಂದ ಒಂದೊಂದೇ ಅಕ್ಷರ ಕೊರೆದಿರಬೇಕು, ಅವನಿಗೂ ಹೀಗೆಯೇ ಬಾಯಾರಿಕೆಯಾಗಿರಬೇಕು ಎಂದು ಹೊಳೆಯಿತು. ಶಾಲೆಯಲ್ಲಿ ಯಾವ ಮೇಷ್ಟರೂ ಇದನ್ನು ಹೇಳಿರಲಿಲ್ಲ; ನನ್ನ ತಂದೆಯೂ ಸೇರಿ.

ಈಗ ಕ್ಯಾಮೆರಾದ ಮಾತು. ಅದೇಕೆ ಬೇಕು? ಕಣ್ಣು ಸಾಲದೆ? ಸಾಲದು. ಹದಿನಾರು ಹದಿನೆಂಟು ವರ್ಷದ ಕಣ್ಣು ಒಂದೆಡೆ ನಿಲ್ಲುವುದಿಲ್ಲ. ಕ್ಯಾಮೆರಾ ಅದನ್ನು ನಿಲ್ಲಿಸುತ್ತದೆ. ಆದರೆ ಚಿತ್ರಗಳು ಲೆಕ್ಕದವಾಗಿದ್ದರೆ ಮಾತ್ರ. ದಿನಕ್ಕೆ ಎರಡು ಚಿತ್ರವೂ ಪೂರ್ತಿ ಸಿಕ್ಕದ ನಾನು ಪಟ್ಟದಕಲ್ಲಿನಲ್ಲಿ ಒಂದು ಗುಡಿಯನ್ನು ಮೂರು ಸಲ ಸುತ್ತಿದೆ. ಎಲ್ಲಿ ನಿಂತರೆ ಶಿಖರ ಪೂರ್ತಿ ಕಾಣುತ್ತದೆ, ನೆರಳು ಯಾವಾಗ ಸರಿಯುತ್ತದೆ, ಮಲಪ್ರಭೆಯ ಕಡೆಯಿಂದ ಚೆನ್ನಾಗಿದೆಯೋ ಊರಿನ ಕಡೆಯಿಂದಲೋ ಎಂದು ಎರಡು ಗಂಟೆ ಕಳೆದೆ. ಕೊನೆಗೆ ಒಂದು ಚಿತ್ರ ತೆಗೆದೆ, ಅದು ಅಲುಗಿಹೋಯಿತು. ನಷ್ಟವೇನೂ ಆಗಲಿಲ್ಲ. ಆ ಗುಡಿಯ ಒಂದೊಂದು ಮೂಲೆಯೂ ಇಂದಿಗೂ ನನ್ನ ಕಣ್ಣಿನಲ್ಲಿದೆ. ಚಿತ್ರ ಬರುವುದಕ್ಕಿಂತ ಚಿತ್ರಕ್ಕಾಗಿ ನೋಡಿದುದೇ ಮುಖ್ಯ.

ಇಂದಿನ ಹುಡುಗರ ಜೇಬಿನಲ್ಲಿ ಫೋನಿದೆ. ಗುಡಿಯ ಬಾಗಿಲಿಗೆ ಬಂದು, ಅದಕ್ಕೆ ಬೆನ್ನು ತಿರುಗಿಸಿ, ತಮ್ಮ ಮುಖವನ್ನು ನಲವತ್ತು ಸಲ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ಅವರನ್ನು ಬೈಯುವುದು ಸುಲಭ. ಬೈಯುವ ಹಕ್ಕು ನನಗಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ತಪ್ಪು ಯಂತ್ರದ್ದಲ್ಲ. ಅಗ್ಗದ ಕ್ಯಾಮೆರಾ ಮಕ್ಕಳಿಗೆಂದೇ ಹುಟ್ಟಿತು: 1900ರಲ್ಲಿ ಅಮೆರಿಕದ ಕೊಡಕ್ ಕಂಪೆನಿ ಒಂದು ಡಾಲರಿಗೆ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆಯನ್ನು ಮಾರಿದಾಗ ಮಕ್ಕಳೇ ಅದರ ಮೊದಲ ಗಿರಾಕಿಗಳಾಗಲಿ ಎಂದು ಜಾಹೀರಾತು ಮಾಡಿತು. ಯಂತ್ರ ಅಗ್ಗವಾದುದು ಒಳ್ಳೆಯದೇ. ನೋಟ ಅಗ್ಗವಾಗಬಾರದು. ಆದುದರಿಂದ ನನ್ನ ಸಲಹೆ: ಫೋನು ಮನೆಗೆ ಮಾತನಾಡುವುದಕ್ಕೆ ಇರಲಿ. ಹಳೆಯ ಕ್ಯಾಮೆರಾ ಒಂದನ್ನು ಹೆಗಲಿಗೆ ಹಾಕಿ, ದಿನಕ್ಕೆ ಹನ್ನೆರಡೇ ಚಿತ್ರ ಎಂದು ಮಗುವಿನೊಡನೆ ಒಪ್ಪಂದ ಮಾಡಿಕೊಳ್ಳಿ. ಫಿಲಮ್ಮು ಈಗ ದುಬಾರಿ; ನಿಯಮಕ್ಕೆ ಹಣ ಕೊಡಬೇಕಾದುದಿಲ್ಲ.

ಚಿತ್ರದಿಂದ ಲೋಕಕ್ಕೂ ಪ್ರಯೋಜನವಿಲ್ಲದೆ ಇಲ್ಲ. ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ 1856ರಲ್ಲಿ ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾವನ್ನೂ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನೂ ಹೊರಿಸಿಕೊಂಡು ಹಂಪೆಯ ಪಾಳುಗಳ ನಡುವೆ ತಿರುಗಿದ. ಅವನು ತೆಗೆದ ಕಲ್ಲಿನ ರಥದ ಚಿತ್ರವನ್ನು ನೋಡಿದರೆ, ರಥದ ಮೇಲೆ ಇಟ್ಟಿಗೆಯ ಒಂದು ಗೋಪುರವಿದೆ! ಇಂದು ಅದು ಇಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂದೆ ಅದೇ ರಥವಿದೆ, ಗೋಪುರವಿಲ್ಲದೆ. ಗ್ರೀನ್‌ಲಾ ಆ ಬಿಸಿಲಿನಲ್ಲಿ ಬೆವರದಿದ್ದರೆ ರಥಕ್ಕೆ ಒಂದು ಕಾಲದಲ್ಲಿ ಕಿರೀಟವಿತ್ತೆಂಬುದನ್ನು ನಾವು ಕಣ್ಣಾರೆ ಕಾಣುತ್ತಿರಲಿಲ್ಲ.

ನಾನು ಗ್ರೀನ್‌ಲಾ ಅಲ್ಲ. ಆದರೂ ಹಂಪೆಯಲ್ಲಿ ನನ್ನ ಇಪ್ಪತ್ತಮೂರನೆಯ ಚಿತ್ರಕ್ಕೆ ಒಂದು ಕಥೆಯಿದೆ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಕೆಲವು ಕಲ್ಲುಮಂಟಪಗಳಲ್ಲಿ ಸಂಸಾರಗಳಿದ್ದುವು. ಒಂದು ಮಂಟಪದ ತೊಲೆಗೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿ ಮುದುಕಿಯೊಬ್ಬಳು ಮೊಮ್ಮಗುವನ್ನು ತೂಗುತ್ತಿದ್ದಳು. ನನಗೆ ಮಜ್ಜಿಗೆ ಕೊಟ್ಟಳು. ಉಳಿದಿದ್ದುದು ಎರಡೇ ಚಿತ್ರ. ಎರಡನ್ನೂ ರಾಣಿಯರ ಸ್ನಾನಗೃಹಕ್ಕೆಂದು ಕಾದಿರಿಸಿದ್ದೆ. ಮಜ್ಜಿಗೆಯ ಋಣಕ್ಕೆ ಒಂದನ್ನು ತೊಟ್ಟಿಲಿಗೆ ಖರ್ಚು ಮಾಡಿದೆ. ಮನೆಯಲ್ಲಿ ಎಲ್ಲರೂ ನಕ್ಕರು: ಹಂಪೆಗೆ ಹೋಗಿ ತೊಟ್ಟಿಲಿನ ಚಿತ್ರ ತಂದಿದ್ದಾನೆ! 1986ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ ಬಜಾರಿನ ಮಂಟಪಗಳಲ್ಲಿದ್ದ ಮನೆಗಳನ್ನೂ ಅಂಗಡಿಗಳನ್ನೂ ತೆರವು ಮಾಡಿಸಿದರು. ತೆರವು ಸರಿಯೋ ತಪ್ಪೋ ಎಂಬುದು ಬೇರೆ ಜಗಳ. ಆ ಕಲ್ಲುಗಳ ನಡುವೆ ಒಮ್ಮೆ ತೊಟ್ಟಿಲು ತೂಗುತ್ತಿತ್ತೆಂಬುದಕ್ಕೆ ಈಗ ನನ್ನ ಹತ್ತಿರ ಸಾಕ್ಷಿಯಿದೆ. ರಾಣಿಯರ ಸ್ನಾನಗೃಹ ಎಲ್ಲಿಗೂ ಹೋಗಿಲ್ಲ.

ಇನ್ನು ನನ್ನ ಅಳಿಯನ ಆಕ್ಷೇಪಣೆಗಳು. ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯದು: "ನೋಡಲೇಬೇಕೆಂದಿದ್ದರೆ ದಸರೆಯ ರಜೆಯಲ್ಲಿ ಎಲ್ಲರೂ ವಿಮಾನದಲ್ಲಿ ಸಿಂಗಪುರಕ್ಕೇ ಹೋಗೋಣ." ಅಳಿಯನ ಔದಾರ್ಯಕ್ಕೆ ನಮಸ್ಕಾರ. ಆದರೆ ಆ ಪ್ರಯಾಣದಲ್ಲಿ ಮಗಳು ತೀರ್ಮಾನ ಮಾಡಬೇಕಾದುದು ಏನಿದೆ? ಎದ್ದೇಳುವ ಹೊತ್ತನ್ನು ಕಂಪೆನಿಯವರು ಹೇಳುತ್ತಾರೆ. ತಿನ್ನುವುದನ್ನು ಹೋಟೆಲಿನವರು ಇಡುತ್ತಾರೆ. ನೋಡುವುದನ್ನು ಬಾವುಟ ಹಿಡಿದ ಮಾರ್ಗದರ್ಶಿ ತೋರಿಸುತ್ತಾನೆ. ಹಣ ಹೆಚ್ಚಿದಷ್ಟೂ ನಮ್ಮ ಪರವಾಗಿ ಬೇರೆಯವರು ಯೋಚಿಸುತ್ತಾರೆ. ಅದು ಅರವತ್ತು ವರ್ಷದವನಿಗೆ ಸುಖ. ಹದಿನೆಂಟು ವರ್ಷದವಳಿಗೆ ನಷ್ಟ. ಆರು ಸಾವಿರದಲ್ಲಿ ಹನ್ನೆರಡು ದಿವಸ ಕಳೆಯಬೇಕಾದವಳು ಪ್ರತಿದಿನ ಬೆಳಿಗ್ಗೆ ಎದ್ದು ಲೆಕ್ಕ ಹಾಕಬೇಕು, ವಿಚಾರಿಸಬೇಕು, ಚೌಕಾಸಿ ಮಾಡಬೇಕು, ಅಪರಿಚಿತರಲ್ಲಿ ಯಾರನ್ನು ನಂಬಬೇಕು ಎಂದು ಮುಖ ನೋಡಿ ತಿಳಿಯಬೇಕು. ಇದನ್ನು ಕಲಿಸುವ ತರಗತಿ ಎಲ್ಲಿಯಾದರೂ ಇದ್ದರೆ ಅಳಿಯ ಎರಡು ಲಕ್ಷ ಶುಲ್ಕ ಕಟ್ಟಿ ಸೇರಿಸುತ್ತಿದ್ದ.

ಬಡ ಪ್ರಯಾಣದ ಬೆಲೆಯನ್ನು ಮೊದಲು ಅರಿತವರು ಮೇಷ್ಟರುಗಳೇ. ಜರ್ಮನಿಯ ರಿಚರ್ಡ್ ಷಿರ್‌ಮನ್ ಎಂಬ ಶಾಲಾ ಉಪಾಧ್ಯಾಯ 1909ರಲ್ಲಿ ತನ್ನ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ತಂಗಿದ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳೆಲ್ಲ ಹೀಗೆ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂದು ಯೋಚಿಸಿದ. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಅವನ ಯತ್ನದಿಂದ ತಂಗುದಾಣವಾಯಿತು. ಇಂದು ಲೋಕದಲ್ಲೆಲ್ಲ ಇರುವ ಯೂತ್ ಹಾಸ್ಟೆಲ್‌ಗಳಿಗೆ ಮೂಲ ಅದೇ. ನಮ್ಮಲ್ಲಿಯೂ ಬೇಸಗೆಯಲ್ಲಿ ಸಾವಿರಾರು ಶಾಲೆಗಳಿಗೆ ಬೀಗ ಬಿದ್ದಿರುತ್ತದೆ. ಒಂದು ಚಾಪೆ, ಒಂದು ಕೊಡ ನೀರು, ಒಬ್ಬ ಕಾವಲುಗಾರ: ಇಷ್ಟಾದರೆ ಸಾಕು. ಸರ್ಕಾರದ ಗಮನಕ್ಕೆ ಇದನ್ನು ಬಿಡುತ್ತೇನೆ.

ಎರಡನೆಯದು: "ಸಮಯ ಹಾಳು. ಅಷ್ಟರಲ್ಲಿ ಕಂಪ್ಯೂಟರಿನ ಒಂದು ತರಗತಿ ಮುಗಿಸಬಹುದು." ಈ ಹುಡುಗಿ ಎರಡು ವರ್ಷ ಬೆಳಗಿನ ಆರು ಗಂಟೆಗೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬಂದವಳು. ಎರಡು ವರ್ಷದಲ್ಲಿ ಅವಳು ಪೂರ್ತಿ ನೋಡಿದ ಸೂರ್ಯೋದಯ ಎಷ್ಟು ಎಂದು ಕೇಳಿದೆ. ಅಳಿಯ ಉತ್ತರ ಕೊಡಲಿಲ್ಲ. ಕಾಲೇಜು ಸೇರಿದ ಮೇಲೆ ನಾಲ್ಕು ವರ್ಷ, ಕೆಲಸ ಸೇರಿದ ಮೇಲೆ ನಲವತ್ತು ವರ್ಷ ಅವಳ ಹೊತ್ತು ಬೇರೆಯವರದು. ನಡುವೆ ಬಿದ್ದಿರುವ ಈ ಹನ್ನೆರಡು ದಿವಸಕ್ಕೂ ಕಣ್ಣು ಹಾಕಬೇಕೆ?

ಮೂರನೆಯದು: "ಕ್ಯಾಮೆರಾ ಹಿಡಿದರೆ ಹೊಟ್ಟೆ ತುಂಬುತ್ತದೆಯೆ?" ಕೆಲವರಿಗೆ ತುಂಬಿದೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಅವರಿಗೆ 1977ರಲ್ಲಿ ಪದ್ಮಶ್ರೀ ಬಂದಿತು. ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡುವು. ಪೂರ್ಣಚಂದ್ರ ತೇಜಸ್ವಿಯವರು ಮಲೆನಾಡಿನ ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾದವರು. ಆದರೆ ಮಗಳು ಸತ್ಯನ್ ಆಗಲಿ ಎಂದು ನಾನು ವಾದಿಸುತ್ತಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಮ್ಯಾನೇಜರಾಗಿ ನಿವೃತ್ತನಾದವನು. ಸಾಲ ಕೇಳಲು ಬಂದ ರೈತನ ಮುಖ ನೋಡುವಾಗಲೆಲ್ಲ ಬನಶಂಕರಿಯ ರೊಟ್ಟಿ ನನ್ನ ನೆನಪಿಗೆ ಬರುತ್ತಿತ್ತು. ಅವಳು ಇಂಜಿನಿಯರಾಗಲಿ, ವೈದ್ಯಳಾಗಲಿ, ನೋಡಬಲ್ಲವಳಾಗಲಿ.

ನಾಲ್ಕನೆಯದೇ ನಿಜವಾದದ್ದು. ಉಳಿದ ಮೂರು ಅದಕ್ಕೆ ಹೊದೆಸಿದ ಶಾಲು. ಅಳಿಯ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ಹುಡುಗನಾಗಿದ್ದರೆ ಕಳಿಸುತ್ತಿದ್ದೆ, ಮಾವ" ಎಂದ.

ಅವನ ಭಯವನ್ನು ನಾನು ಹಾಸ್ಯ ಮಾಡುವುದಿಲ್ಲ. ದಿನಪತ್ರಿಕೆಯನ್ನು ಬಿಡಿಸಿದರೆ ಸಾಕು, ಯಾವ ತಂದೆಗಾದರೂ ಎದೆ ನಡುಗುತ್ತದೆ. ಆದರೆ ಈ ಭಯದ ನಡೆಯನ್ನು ಸ್ವಲ್ಪ ಗಮನಿಸಿ. ಇದೇ ಮಗಳನ್ನು ಹದಿನಾರನೆಯ ವಯಸ್ಸಿನಲ್ಲಿ ತರಬೇತಿಗೆಂದು ರಾಜಸ್ಥಾನದ ಕೋಟಾ ನಗರಕ್ಕೆ ಕಳಿಸಲು ಅವನು ವಿಚಾರಿಸಿದ್ದ. ಗೊತ್ತುಗುರಿಯಿಲ್ಲದ ಊರು, ತಿಳಿಯದ ಭಾಷೆ, ಯಾರದೋ ಹಾಸ್ಟೆಲು. ನಾಳೆ ಉಚ್ಚ ವ್ಯಾಸಂಗಕ್ಕೆ ಅಮೆರಿಕಕ್ಕೆ ಕಳಿಸುತ್ತಾನೆ. ಆಗ ಭಯ ಎಲ್ಲಿಗೆ ಹೋಗುತ್ತದೆ? ಅಂಕಕ್ಕಾಗಿ ಹೋದರೆ ಲೋಕ ಕ್ಷೇಮ; ಸಂತೋಷಕ್ಕಾಗಿ ಹೋದರೆ ಅಪಾಯ! ಹಗಲು ಹೊತ್ತಿನ ಬಸ್ಸು, ಜೊತೆಗೊಬ್ಬ ಗೆಳತಿ, ಗದಗದಲ್ಲಿ ಆ ಗೆಳತಿಯ ಚಿಕ್ಕಮ್ಮನ ಮನೆ, ಬಾದಾಮಿಯಲ್ಲಿ ವಿಚಾರಿಸಿ ಗೊತ್ತುಮಾಡಿದ ವಸತಿ, ಹೊಸಪೇಟೆಯಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಸಂಸಾರ, ದಿನವೂ ಸಂಜೆ ಫೋನು. ಇಷ್ಟನ್ನೂ ಆ ಹುಡುಗಿ ಕಾಗದದ ಮೇಲೆ ಬರೆದು ಅಪ್ಪನ ಮುಂದೆ ಇಟ್ಟಿದ್ದಳು. ಅಪ್ಪ ಓದಿರಲಿಲ್ಲ.

ಇನ್ನೂ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ನಮ್ಮ ರಾಜ್ಯದ ಹೆಂಗಸರಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿಯೂ ವೇಗದೂತಗಳಲ್ಲಿಯೂ ಪ್ರಯಾಣ ಉಚಿತವಾಗಿದೆ. ಈ ಯೋಜನೆಯನ್ನು ಹೊಗಳುವವರೂ ಬೈಯುವವರೂ ಇದ್ದಾರೆ. ನನಗೆ ಆ ರಾಜಕೀಯ ಬೇಡ. ನನಗೆ ಕಾಣುವುದು ಇಷ್ಟೆ: ಬೆಂಗಳೂರಿನಿಂದ ಬಾದಾಮಿಗೆ ಹೋಗಲು ಹದಿನೆಂಟರ ಹುಡುಗಿಗೆ ಈಗ ಬಸ್ಸಿನ ಚಾರ್ಜಿಲ್ಲ. ಹಂಪೆ, ಪಟ್ಟದಕಲ್ಲುಗಳ ಪ್ರವೇಶಕ್ಕೆ ಭಾರತೀಯರಿಗೆ 40 ರೂಪಾಯಿ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ಬಡತನದ ಅಡ್ಡಿ ಅಷ್ಟರ ಮಟ್ಟಿಗೆ ತೊಲಗಿತು. ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹಿಡಿದು ಕಾದಿದ್ದಾನೆ. ಮುಚ್ಚಿರುವುದು ಮನೆಯ ಬಾಗಿಲು ಮಾತ್ರ. ಅದರ ಚಿಲಕ ನಮ್ಮ ಕಡೆಗಿದೆ.

ಈಗ ಬಾದಾಮಿಯ ಮೂರನೆಯ ಗುಹೆಗೆ ಬರುತ್ತೇನೆ. ಕ್ರಿ.ಶ. 578ರ ಶಾಸನವಿರುವ ಗುಹೆ ಅದು. ಮೊಗಸಾಲೆಯ ಕೊನೆಯಲ್ಲಿ ಅಕ್ಕ ಹೇಳಿದ ವಿಷ್ಣು ಕುಳಿತಿದ್ದ, ಪುಸ್ತಕದ ಅಂಚೆ ಚೀಟಿಯಲ್ಲಿ ಕಾಣದ ಗಾಂಭೀರ್ಯದಿಂದ. ಮೊದಲನೆಯ ಸುರುಳಿಯ ಕೊನೆಯ ಚಿತ್ರವನ್ನು ಅದಕ್ಕೆಂದೇ ಉಳಿಸಿದ್ದೆ. ಅಷ್ಟರಲ್ಲಿ ಯಾರೋ ಯಾತ್ರಿಕರು ಬಂದರು. ನನಗೆ ದುರ್ಬುದ್ಧಿ ಹುಟ್ಟಿತು. ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟು, ಒಗೆದ ಬಿಳಿಯ ಅಂಗಿಯನ್ನು ನೇವರಿಸಿಕೊಂಡು, ವಿಷ್ಣುವಿನ ಮುಂದೆ ನಾನೇ ನಿಂತುಬಿಟ್ಟೆ. ಅರಸೀಕೆರೆಯ ಸ್ಟುಡಿಯೋದಲ್ಲಿ ಚಿತ್ರ ತೊಳೆದು ಬಂದಾಗ ಹಿಂದೆಲ್ಲ ಕತ್ತಲೆ. ಮುಂದೆ ನನ್ನ ಅಂಗಿ. ಅಕ್ಕ ಅದನ್ನು ಬಹಳ ಹೊತ್ತು ನೋಡಿ, "ಅಂಗಿ ಚೆನ್ನಾಗಿ ಬಂದಿದೆ" ಎಂದಳು. ಬೇರೆ ಏನೂ ಹೇಳಲಿಲ್ಲ. ಇಂದಿನ ಹುಡುಗರನ್ನು ಬೈಯುವ ಹಕ್ಕು ನನಗಿಲ್ಲ ಎಂದುದು ಇದಕ್ಕೇ.

ಮರುವರ್ಷ ಅಕ್ಕನಿಗೆ ಮದುವೆಯಾಯಿತು. ಸಂಸಾರ, ಮಕ್ಕಳು, ಅತ್ತೆಯ ಕಾಯಿಲೆ, ಭಾವನವರ ವರ್ಗ. ಕಾಶಿಗೆ ಹೋದಳು, ತಿರುಪತಿಗೆ ಹೋದಳು. ಎಲ್ಲರನ್ನೂ ಕರೆದುಕೊಂಡು, ಎಲ್ಲರ ಬುತ್ತಿ ಹೊತ್ತುಕೊಂಡು. ಬಾದಾಮಿಗೆ ಹೋಗಲಾಗಲಿಲ್ಲ. ಈಗ ಬಸ್ಸು ಅವಳಿಗೂ ಉಚಿತ. ಆದರೆ ಮೊಣಕಾಲು ಬಿಟ್ಟಿಲ್ಲ. ಗುಹೆಗಳಿಗೆ ಮೆಟ್ಟಿಲು ಬಹಳ. ನನ್ನ ತಂದೆ ಕೆಟ್ಟವರಲ್ಲ; ನಾನು ಕಂಡ ಒಳ್ಳೆಯವರಲ್ಲಿ ಒಬ್ಬರು. ಒಳ್ಳೆಯವರ ಒಂದು ನಗು ಐವತ್ತು ವರ್ಷ ಬಾಗಿಲು ಮುಚ್ಚಬಲ್ಲದು ಎಂಬುದನ್ನು ತಿಳಿಸುವುದಕ್ಕಾಗಿ ಇಷ್ಟು ಬರೆಯಬೇಕಾಯಿತು.

ಆ ಅಕ್ಕನ ಮಗನೇ ನನ್ನ ಈ ಅಳಿಯ. ನನ್ನಿಂದ ಪ್ರಯೋಜನವಾಗದೆ ಅವನು ಅಮ್ಮನ ಹತ್ತಿರ ಹೋದ. ವಯಸ್ಸಾದವರು ತನ್ನ ಪಕ್ಷ ವಹಿಸುವರೆಂದು ನಂಬಿದ್ದ. ಅಕ್ಕ ಅವನಿಗೆ ಏನೂ ಹೇಳಲಿಲ್ಲವಂತೆ. ಮೊಮ್ಮಗಳನ್ನು ಹತ್ತಿರ ಕರೆದು, "ಮೂರನೆಯ ಗುಹೆಯಲ್ಲಿ ವಿಷ್ಣುವಿನ ಚಿತ್ರ ತೆಗೆ. ಎದುರಿಗೆ ಯಾರನ್ನೂ ನಿಲ್ಲಿಸಬೇಡ" ಎಂದಳಂತೆ.

ಇದನ್ನು ಬರೆಯುವ ಹೊತ್ತಿಗೆ ಅಳಿಯ ಇನ್ನೂ ಒಪ್ಪಿಲ್ಲ. ಆದರೆ ಅವನಿಗೆ ಭಾನುವಾರದ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಭ್ಯಾಸವಿದೆ.